ಪದವಿ ಕಾಲೇಜಿನ ಮೇಷ್ಟ್ರು ಸಂಶೋಧನೆ ಮಾಡುವುದು ಯಾವಾಗ?

ಹಾಸನ ಜಿಲ್ಲೆಯ ಗಿಡಮರಗಳ ವಿಷಯ ಬಂದರೆ ಸಸ್ಯವಿಜ್ಞಾನಿಗಳು ಇಂದಿಗೂ ಹುಡುಕುವ ಪುಸ್ತಕ 1976ರದು. ಹೆಸರು ‘ಫ್ಲೋರಾ ಆಫ್ ಹಾಸನ್ ಡಿಸ್ಟ್ರಿಕ್ಟ್’. ಅದರ ಸಂಪಾದಕರಲ್ಲಿ ಒಬ್ಬರು ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಡ್ಯಾನ್ ನಿಕಲ್ಸನ್. ಇನ್ನೊಬ್ಬರು ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪಾಠ ಮಾಡುತ್ತಿದ್ದ ಜೆಸ್ವಿಟ್ ಪಾದ್ರಿ ಸಿಸಿಲ್ ಸಲ್ಡಾನಾ. ರಾಜ್ಯದ ಒಂದು ಇಡೀ ಜಿಲ್ಲೆಯ ಸಸ್ಯಸಂಪತ್ತನ್ನು ಲೆಕ್ಕಕ್ಕೆ ತಂದ ಈ ಕೆಲಸ ಒಬ್ಬ ಕಾಲೇಜು ಮೇಷ್ಟ್ರ ಮುಂದಾಳತ್ವದಲ್ಲಿ ನಡೆಯಿತು.

ಹಾಸನ ಜಿಲ್ಲೆಯ ಪಡುವಣ ತುದಿಯಲ್ಲಿ ಸಕಲೇಶಪುರ, ಬಿಸಿಲೆಯ ಮಳೆಕಾಡು. ಮೂಡಣ ತುದಿಯಲ್ಲಿ ಅರಸೀಕೆರೆಯ ಕುರುಚಲು ಬಯಲು. ಇಂಥ ನೆಲವನ್ನು ಒಂದು ಬೇಸಿಗೆ ರಜೆಯಲ್ಲಿ ಸುತ್ತಿ ಮುಗಿಸಲು ಬರುವುದಿಲ್ಲ. ಒಂದೇ ಗಿಡಕ್ಕಾಗಿ ಅದು ಹೂ ಬಿಟ್ಟಾಗ ಒಮ್ಮೆ, ಕಾಯಿ ಕಟ್ಟಿದಾಗ ಇನ್ನೊಮ್ಮೆ ಅದೇ ಜಾಗಕ್ಕೆ ಹೋಗಬೇಕು. ತಂದ ಟೊಂಗೆಯನ್ನು ಕಾಗದಗಳ ನಡುವೆ ಒತ್ತಿ ಒಣಗಿಸಬೇಕು. ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ, ಹುಳ ಬೀಳದಂತೆ ಕಾಯಬೇಕು. ಹಾಳೆಗೆ ಅಂಟಿಸಿ ಊರು, ದಿನಾಂಕ, ಹೂವಿನ ಬಣ್ಣ ಎಲ್ಲ ಬರೆದಿಡಬೇಕು. ಕೊನೆಗೆ ಹಳೆಯ ಸಂಗ್ರಹಗಳಲ್ಲಿರುವ ಮಾದರಿಗಳ ಪಕ್ಕದಲ್ಲಿಟ್ಟು ನೋಡಿ ಹೆಸರು ಖಚಿತ ಮಾಡಿಕೊಳ್ಳಬೇಕು. ಇಷ್ಟೆಲ್ಲ ಆಗಬೇಕಾದರೆ ವರ್ಷಗಟ್ಟಲೆ ಸಮಯ, ಒಂದು ಕೋಣೆ, ಕಪಾಟುಗಳು, ಜೊತೆಗೆ ನಡೆಯುವ ಸಹೋದ್ಯೋಗಿಗಳು, ಸಂದೇಹ ಬಂದಾಗ ಕೇಳಬಹುದಾದ ಒಬ್ಬ ತಜ್ಞ ಬೇಕು. ಸಲ್ಡಾನಾ ಅವರಿಗೆ ಇವೆಲ್ಲ ಒದಗಿದ್ದವು. ಮುಂದೆ ಅವರು ಇಡೀ ರಾಜ್ಯದ ಸಸ್ಯಗಳನ್ನೇ ಕೈಗೆತ್ತಿಕೊಂಡರು. ‘ಫ್ಲೋರಾ ಆಫ್ ಕರ್ನಾಟಕ’ದ ಎರಡು ಸಂಪುಟಗಳು 1984 ಮತ್ತು 1996ರಲ್ಲಿ ಹೊರಬಂದವು. ಎರಡರ ನಡುವೆ ಹನ್ನೆರಡು ವರ್ಷ.

ಸಲ್ಡಾನಾ ಒಂಟಿ ಉದಾಹರಣೆ ಏನಲ್ಲ. ಮುಂಬೈಯ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಎಥೆಲ್‌ಬರ್ಟ್ ಬ್ಲಾಟರ್ ಎಂಬ ಸ್ವಿಸ್ ಪಾದ್ರಿ ಇಪ್ಪತ್ತನೇ ಶತಮಾನದ ಆರಂಭದಲ್ಲೇ ಕಟ್ಟಲು ತೊಡಗಿದ ಸಸ್ಯಸಂಗ್ರಹ ಇವತ್ತಿಗೂ ಅವರ ಹೆಸರಿನಲ್ಲೇ ಇದೆ. ತಿರುಚಿರಾಪಳ್ಳಿಯ ಸೇಂಟ್ ಜೋಸೆಫ್ಸ್ ಕಾಲೇಜಿನ ಕೆ.ಎಂ. ಮ್ಯಾಥ್ಯೂ ತಮಿಳುನಾಡಿನ ಬಯಲುಸೀಮೆಯ ಸಸ್ಯಗಳ ಮೇಲೆ ದೊಡ್ಡ ಗ್ರಂಥವನ್ನೇ ಹೊರತಂದರು. ನಮ್ಮ ಉಡುಪಿಗೆ ಬಂದರೆ, ಪೂರ್ಣಪ್ರಜ್ಞ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದ ಕೆ. ಗೋಪಾಲಕೃಷ್ಣ ಭಟ್ ಅವರ ‘ಫ್ಲೋರಾ ಆಫ್ ಉಡುಪಿ’ 2003ರಲ್ಲಿ ಪ್ರಕಟವಾಯಿತು. ಕರಾವಳಿಯ ಗದ್ದೆಬದು, ಪಾರೆ, ನಾಗಬನಗಳಲ್ಲಿ ಏನೇನು ಬೆಳೆಯುತ್ತದೆ ಎಂಬುದು ಪಕ್ಕದಲ್ಲೇ ಇದ್ದು ಹನ್ನೆರಡು ತಿಂಗಳೂ ಕಣ್ಣಿಟ್ಟ ಅಧ್ಯಾಪಕನಿಗೆ ಕಾಣುವ ಹಾಗೆ ದೂರದ ದೊಡ್ಡ ಸಂಸ್ಥೆಯಿಂದ ಹತ್ತು ದಿನಕ್ಕೆಂದು ಬರುವ ವಿಜ್ಞಾನಿಗೆ ಕಾಣುವುದು ಕಷ್ಟ. ಪದವಿ ಕಾಲೇಜಿನ ಬಲ ಇರುವುದು ಇಲ್ಲಿಯೇ.

ಚರಿತ್ರೆಯಲ್ಲೂ ಇದೇ ಮಾತು. ಕಲ್ಯಾಣಪುರದ ಮಿಲಾಗ್ರಿಸ್ ಕಾಲೇಜಿನ ಪ್ರಾಂಶುಪಾಲರಾಗಿದ್ದ ಪಾದೂರು ಗುರುರಾಜ ಭಟ್ಟರು ತುಳುನಾಡಿನ ಗುಡಿಗೋಪುರಗಳನ್ನು ಊರೂರು ತಿರುಗಿ ನೋಡಿದವರು. ಗರ್ಭಗುಡಿಯ ಮೂರ್ತಿಯ ಭಂಗಿ, ಆಭರಣ, ಕೈಯಲ್ಲಿರುವ ಆಯುಧ ಇವುಗಳ ಶೈಲಿ ನೋಡಿ ಅದರ ಕಾಲ ನಿರ್ಧರಿಸುವ ಕೆಲಸಕ್ಕೆ ಅವರು ತೊಡಗಿದಾಗ ಅಲ್ಲಿಯ ಎಷ್ಟೋ ಗುಡಿಗಳ ಮೂರ್ತಿಗಳು ವಿದ್ವಾಂಸರ ಬರಹದಲ್ಲಿ ಇನ್ನೂ ಕಾಣಿಸಿಕೊಂಡೇ ಇರಲಿಲ್ಲ. 1975ರಲ್ಲಿ ಬಂದ ಅವರ ‘ಸ್ಟಡೀಸ್ ಇನ್ ತುಳುವ ಹಿಸ್ಟರಿ ಅಂಡ್ ಕಲ್ಚರ್’ ಕರಾವಳಿಯ ಇತಿಹಾಸ ಬರೆಯುವವರಿಗೆ ಈಗಲೂ ಆಧಾರ ಗ್ರಂಥ. ಪುಸ್ತಕ ಬಂದ ಮೂರೇ ವರ್ಷಕ್ಕೆ, 1978ರಲ್ಲಿ, ಅವರು ತೀರಿಕೊಂಡರು.

ಅಲ್ಲಿಂದ ಕೂಗಳತೆಯ ಉಡುಪಿಯ ಎಂ.ಜಿ.ಎಂ. ಕಾಲೇಜಿನ ಕಥೆ ಇನ್ನೂ ವಿಸ್ತಾರವಾದದ್ದು, ಮತ್ತು ಈ ಲೇಖನಕ್ಕೆ ಹೆಚ್ಚು ಬೇಕಾದದ್ದು. ಪ್ರಾಂಶುಪಾಲರಾಗಿದ್ದ ಕು.ಶಿ. ಹರಿದಾಸ ಭಟ್ಟರು ತಾವೊಬ್ಬರೇ ಬರೆಯುವುದಕ್ಕಿಂತ ಹತ್ತು ಮಂದಿ ಬಂದು ಬರೆಯಲು ಒಂದು ಜಾಗ ಬೇಕು ಎಂದು ಬಗೆದವರು. ಕಾಲೇಜಿನ ಆವರಣದಲ್ಲಿ ರಾಷ್ಟ್ರಕವಿ ಗೋವಿಂದ ಪೈ ಅವರ ಹೆಸರಿನ ಸಂಶೋಧನ ಕೇಂದ್ರ ಬೆಳೆದದ್ದು ಹಾಗೆ. ತುಳು ನಿಘಂಟಿನ ಯೋಜನೆ ಅಲ್ಲಿ ನೆಲೆ ಕಂಡಿತು. ಭಾಷಾವಿಜ್ಞಾನಿ ಯು.ಪಿ. ಉಪಾಧ್ಯಾಯರ ಪ್ರಧಾನ ಸಂಪಾದಕತ್ವದಲ್ಲಿ ಮೊದಲ ಸಂಪುಟ 1988ರಲ್ಲಿ, ಆರನೆಯದು 1997ರಲ್ಲಿ ಹೊರಬಂತು. ಊರೂರಿನ, ಜಾತಿಜಾತಿಯ ತುಳು ಮಾತು, ಪಾಡ್ದನಗಳ ನುಡಿ, ಬೇಸಾಯದ, ಮೀನುಗಾರಿಕೆಯ ಪದಗಳು ಇವನ್ನೆಲ್ಲ ಚೀಟಿಗಿಳಿಸಿ, ತಾಳೆ ನೋಡಿ, ಅರ್ಥ ಬರೆಯುವ ಕೆಲಸ ಅದು. ಇಷ್ಟು ವರ್ಷ ಒಂದು ಪದವಿ ಕಾಲೇಜು ಅದಕ್ಕೆ ಜಾಗ ಕೊಟ್ಟು ನಿಂತಿತು. ರಾಜ್ಯದ ವಿಶ್ವವಿದ್ಯಾಲಯಗಳು ಕೈಹಾಕದ ಕೆಲಸವೊಂದು ಕಾಲೇಜಿನ ಅಂಗಳದಲ್ಲಿ ಮುಗಿಯಿತು ಎನ್ನುವುದು ಸಣ್ಣ ವಿಷಯವಲ್ಲ.

ಈ ಎಲ್ಲ ಕೆಲಸಗಳಲ್ಲೂ ಪ್ರಶ್ನೆ ಹುಟ್ಟಿದ್ದು ಕಾಲೇಜಿನ ಸುತ್ತಲಿನ ನೆಲದಲ್ಲಿ. ಫಲ ಬರುವವರೆಗೆ ಯಾರೋ ಕಾದರು. ಸಂಗ್ರಹಿಸಿದ್ದನ್ನು ಇಡಲು ಜಾಗ ಇತ್ತು. ಸರ್ಕಾರ, ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ), ಆಡಳಿತ ಮಂಡಳಿ ಯಾರೇ ಆಗಲಿ, ಕಾಲೇಜು ಅಧ್ಯಾಪಕರ ಸಂಶೋಧನೆಗೆ ನೆರವಾಗಬೇಕಾದರೆ ಈ ಮೂರನ್ನು ನೋಡಿಕೊಳ್ಳಬೇಕು. ಕಳೆದ ಹದಿನೈದು ವರ್ಷಗಳಲ್ಲಿ ನಡೆದದ್ದು ಬಹುಪಾಲು ಬೇರೆಯೇ.

ಮೊದಲು ಕಾಲೇಜುಗಳ ಗಾತ್ರ ನೋಡಬೇಕು. ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ 2021-22ರ ವರದಿ ಪ್ರಕಾರ ಕರ್ನಾಟಕದಲ್ಲಿ 4,430 ಕಾಲೇಜುಗಳಿವೆ. 18ರಿಂದ 23 ವಯಸ್ಸಿನ ಪ್ರತಿ ಒಂದು ಲಕ್ಷ ಜನರಿಗೆ 66 ಕಾಲೇಜು. ದೇಶದಲ್ಲೇ ಇದು ಅತಿ ಹೆಚ್ಚು. ಉನ್ನತ ಶಿಕ್ಷಣ ಎಂದರೆ ನಮ್ಮ ಬಹುತೇಕ ಹುಡುಗ ಹುಡುಗಿಯರಿಗೆ ತಾಲ್ಲೂಕು ಕೇಂದ್ರದ ಪ್ರಥಮ ದರ್ಜೆ ಕಾಲೇಜು, ಇಲ್ಲವೇ ಹತ್ತಿರದ ಅನುದಾನಿತ ಅಥವಾ ಖಾಸಗಿ ಕಾಲೇಜು. ಆದರೆ ಅದರ ಹಿಂದಿನ ವರ್ಷದ ವರದಿಯ ಪ್ರಕಾರ ದೇಶದಲ್ಲಿ ಪಿಎಚ್‌ಡಿ ಅಧ್ಯಯನಕ್ಕೆ ಅವಕಾಶ ಇದ್ದ ಕಾಲೇಜುಗಳು ಶೇ 2.9 ಮಾತ್ರ. ವಿದ್ಯಾರ್ಥಿಗಳೂ ಮೇಷ್ಟ್ರುಗಳೂ ಹೆಚ್ಚಾಗಿ ಇರುವುದು ಕಾಲೇಜಿನಲ್ಲಿ. ಸಂಶೋಧನೆಯ ಹಣ, ಉಪಕರಣ, ಹೆಸರು ಇರುವುದು ಬೇರೆ ಕಡೆ.

ಇನ್ನು ಸಮಯ. ಯುಜಿಸಿಯ 2018ರ ನಿಯಮದಂತೆ ಸಹಾಯಕ ಪ್ರಾಧ್ಯಾಪಕರು ವಾರಕ್ಕೆ 16 ಗಂಟೆ, ಸಹ ಪ್ರಾಧ್ಯಾಪಕರು 14 ಗಂಟೆ ನೇರ ಪಾಠ ಮಾಡಬೇಕು. ಕಾಗದದ ಮೇಲೆ ಇದು ಹೊರೆ ಎನಿಸುವುದಿಲ್ಲ. ಉಳಿದ ಹೊತ್ತು ಎಲ್ಲಿ ಹೋಗುತ್ತದೆ ಎಂದು ಯಾವುದೇ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಕೇಳಿದರೂ ಉತ್ತರ ಒಂದೇ: ದಾಖಲಾತಿ, ವಿದ್ಯಾರ್ಥಿವೇತನದ ಅರ್ಜಿ, ಆಂತರಿಕ ಅಂಕ, ಆರು ತಿಂಗಳಿಗೊಮ್ಮೆ ಪರೀಕ್ಷೆ, ಪರೀಕ್ಷೆಯ ಬೆನ್ನಿಗೇ ಮೌಲ್ಯಮಾಪನ, ಎನ್‌ಎಸ್‌ಎಸ್ ಶಿಬಿರ, ಚುನಾವಣಾ ಕೆಲಸ, ಎಲ್ಲದರ ಮೇಲೆ ಕಾಲೇಜುಗಳ ಮೌಲ್ಯಾಂಕನ ಮಾಡುವ ನ್ಯಾಕ್‌ನ ಕಡತಗಳು. ಸೆಮಿಸ್ಟರ್ ಪದ್ಧತಿ ಬಂದ ಮೇಲೆ ಬೇಸಿಗೆ ರಜೆಯೂ ಮೊದಲಿನ ಹಾಗೆ ಒಂದೇ ಸಮನೆ ಸಿಗುವುದಿಲ್ಲ. ಸಂಶೋಧನೆಗೆ ಬೇಕಾದದ್ದು ಅಲ್ಲೊಂದು ಇಲ್ಲೊಂದು ಖಾಲಿ ಪೀರಿಯಡ್ ಅಲ್ಲವೇ ಅಲ್ಲ. ಶಾಸನದ ಪಡಿಯಚ್ಚು ಓದಲು ಕೂತವರಿಗೆ, ಕೆರೆಯ ನೀರಿನ ಮಾದರಿ ತರಲು ಹೊರಟವರಿಗೆ ಇಡೀ ದಿನ ಬೇಕು. ಪ್ರಾಂಶುಪಾಲರು ಮನಸ್ಸು ಮಾಡಿದರೆ ಕಾಲೇಜಿಗೆ ಹೆಚ್ಚಿನ ಖರ್ಚಿಲ್ಲದೆ ಕೊಡಬಹುದಾದ ನೆರವು ಇದು: ವೇಳಾಪಟ್ಟಿ ಹಾಕುವಾಗ ಕೆಲಸದಲ್ಲಿ ತೊಡಗಿರುವವರ 16 ಗಂಟೆಗಳನ್ನು ನಾಲ್ಕು ದಿನಕ್ಕೆ ಒಟ್ಟುಗೂಡಿಸಿ ಒಂದು ದಿನವನ್ನು ಪೂರ್ತಿ ಬಿಡುವು ಮಾಡಿಕೊಡುವುದು, ಆ ದಿನ ಅವರನ್ನು ಇನ್ಯಾವ ಕೆಲಸಕ್ಕೂ ಕರೆಯದಿರುವುದು.

ದೊಡ್ಡ ಬಿಡುವಿಗೂ ಒಂದು ದಾರಿ ಇತ್ತು. ಯುಜಿಸಿಯ ಅಧ್ಯಾಪಕ ಸುಧಾರಣಾ ಯೋಜನೆಯಲ್ಲಿ (ಎಫ್‌ಐಪಿ) ಕಾಲೇಜು ಅಧ್ಯಾಪಕರು ಪೂರ್ಣ ಸಂಬಳದೊಂದಿಗೆ ವಿಶ್ವವಿದ್ಯಾಲಯಕ್ಕೆ ಹೋಗಿ ಪಿಎಚ್‌ಡಿ ಮುಗಿಸಿ ಬರಬಹುದಿತ್ತು. ಅವರ ಜಾಗದಲ್ಲಿ ಪಾಠ ಮಾಡುವ ಬದಲಿ ಅಧ್ಯಾಪಕರ ಸಂಬಳವನ್ನು ಯುಜಿಸಿಯೇ ಭರಿಸುತ್ತಿತ್ತು. ಈ ಕೊನೆಯ ಅಂಶವೇ ಯೋಜನೆಯ ಜೀವ. ಬದಲಿ ಅಧ್ಯಾಪಕರಿಲ್ಲದೆ ರಜೆ ಕೊಟ್ಟರೆ ಆ ಪಾಠದ ಭಾರ ಪಕ್ಕದ ಮೇಜಿನವರ ತಲೆಗೆ ಬೀಳುತ್ತದೆ, ಸ್ಟಾಫ್ ರೂಮಿನಲ್ಲಿ ಸಂಶೋಧನೆ ಎಂಬ ಪದವೇ ಕಿರಿಕಿರಿಯಾಗುತ್ತದೆ. ರಾಜ್ಯದ ಹಿರಿಯ ಅಧ್ಯಾಪಕರಲ್ಲಿ ಎಷ್ಟೋ ಮಂದಿ ತಮ್ಮ ಹೆಸರಿನ ಮುಂದೆ ‘ಡಾ.’ ಬಂದದ್ದು ಎಫ್‌ಐಪಿಯಿಂದ ಎಂದು ನೆನೆಯುತ್ತಾರೆ. ಈಗ 2022ರ ಪಿಎಚ್‌ಡಿ ನಿಯಮಗಳು ಕೆಲಸದಲ್ಲಿದ್ದುಕೊಂಡೇ ಅರೆಕಾಲಿಕವಾಗಿ ಪಿಎಚ್‌ಡಿ ಮಾಡಲು ಅವಕಾಶ ಕೊಡುತ್ತವೆ, ಉದ್ಯೋಗ ಕೊಟ್ಟವರ ಆಕ್ಷೇಪಣೆ ಇಲ್ಲ ಎಂಬ ಪತ್ರ ಇದ್ದರೆ ಸಾಕು. ಅನುಕೂಲ ಹೌದು. ಆದರೆ ಅರೆಕಾಲಿಕ ಎಂದರೆ ನಮ್ಮಲ್ಲಿ ಬಹಳ ಸಲ ರಾತ್ರಿ ಹತ್ತರ ಮೇಲೆ ಎಂದೇ ಅರ್ಥ. ಮನೆಗೆಲಸ, ಮಕ್ಕಳ ಓದು ಎರಡನ್ನೂ ಹೊತ್ತ ಅಧ್ಯಾಪಕಿಯರಿಗೆ ಆ ಹತ್ತು ಗಂಟೆಯೂ ಖಾತ್ರಿಯಿಲ್ಲ.

ಹಣದ ವಿಷಯದಲ್ಲಿ ಕಾಲೇಜಿನವರಿಗೆ ಹತ್ತಿರವಾಗಿದ್ದದ್ದು ಯುಜಿಸಿಯ ಕಿರು ಸಂಶೋಧನಾ ಯೋಜನೆ, ಸ್ಟಾಫ್ ರೂಮಿನ ಮಾತಿನಲ್ಲಿ ‘ಮೈನರ್ ಪ್ರಾಜೆಕ್ಟ್’. ಹನ್ನೆರಡನೇ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ ವಿಜ್ಞಾನಕ್ಕೆ 5 ಲಕ್ಷ, ಮಾನವಿಕ ವಿಷಯಗಳಿಗೆ 3 ಲಕ್ಷ ರೂಪಾಯಿವರೆಗೆ ಸಿಗುತ್ತಿತ್ತು. ಅರ್ಜಿ ಬೆಂಗಳೂರಿನ ಪ್ರಾದೇಶಿಕ ಕಚೇರಿಗೆ ಹೋದರೆ ಸಾಕಿತ್ತು, ದಿಲ್ಲಿಯ ತನಕ ಓಡಬೇಕಿರಲಿಲ್ಲ. ಆ ಹಣದಲ್ಲಿ ಒಂದು ಕ್ಯಾಮೆರಾ, ಒಂದಿಷ್ಟು ಪುಸ್ತಕ, ಕ್ಷೇತ್ರಕಾರ್ಯದ ಬಸ್ ಖರ್ಚು, ರಾಸಾಯನಿಕಗಳು ಬರುತ್ತಿದ್ದವು. ಊರಿನ ಸಂತೆ, ಬೀಡಿ ಕಟ್ಟುವ ಹೆಂಗಸರ ದುಡಿಮೆ, ಬಾವಿ ನೀರಿನ ಫ್ಲೋರೈಡ್ ಇಂಥ ವಿಷಯಗಳಿಗೆ ಅಷ್ಟು ಸಾಕು. ಬಂದ ವರದಿಗಳೆಲ್ಲ ಉತ್ತಮವಾಗಿದ್ದವು ಎಂದು ಯಾರೂ ಹೇಳಲಾರರು. ಎಷ್ಟೋ ವರದಿಗಳು ಬೈಂಡ್ ಆಗಿ ಕಪಾಟು ಸೇರಿದವು. ಆದರೂ ತಾಲ್ಲೂಕು ಕಾಲೇಜಿನ ಒಬ್ಬ ಮೇಷ್ಟ್ರಿಗೆ ‘ನಿನ್ನ ಪ್ರಶ್ನೆಗೂ ಬೆಲೆ ಇದೆ’ ಎಂದು ಹೇಳಿದ್ದು ಆ ಯೋಜನೆ. 2017ರಲ್ಲಿ ಪಂಚವಾರ್ಷಿಕ ಯೋಜನೆಗಳ ಯುಗ ಮುಗಿದಾಗ ಅದೂ ಮುಗಿಯಿತು.

ಅದರ ಜಾಗಕ್ಕೆ ಬಂದದ್ದು ಕಾಲೇಜಿನವರ ಕೈಗೆ ಎಟುಕುವುದಿಲ್ಲ. 2022ರ ಶಿಕ್ಷಕರ ದಿನದಂದು ಯುಜಿಸಿ ಸೇವೆಯಲ್ಲಿರುವ ಅಧ್ಯಾಪಕರಿಗೆಂದು 10 ಲಕ್ಷ ರೂಪಾಯಿಯ ಸಂಶೋಧನಾ ಅನುದಾನ ಘೋಷಿಸಿತು. ಇಡೀ ದೇಶಕ್ಕೆ 200 ಮಂದಿ. ಅರ್ಜಿ ಹಾಕುವವರು ಅದಾಗಲೇ ಐವರು ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ಮಾಡಿ ಮುಗಿಸಿರಬೇಕು, ಎರಡು ಪ್ರಾಯೋಜಿತ ಯೋಜನೆಗಳನ್ನು ಪೂರೈಸಿರಬೇಕು. ನೂರರಲ್ಲಿ ಮೂರು ಕಾಲೇಜಿಗೂ ಪಿಎಚ್‌ಡಿ ಭಾಗ್ಯವಿಲ್ಲದ ದೇಶದಲ್ಲಿ ಈ ಷರತ್ತು ಪದವಿ ಕಾಲೇಜಿನ ಅಧ್ಯಾಪಕರನ್ನು ಬಾಗಿಲಲ್ಲೇ ನಿಲ್ಲಿಸಿಬಿಡುತ್ತದೆ. ಇದು ನಿಜವಾದ ಅನ್ಯಾಯ: ಹಿಂದೆ ಕೊಡದಿದ್ದ ಅವಕಾಶವನ್ನೇ ಈಗ ಅರ್ಹತೆಯಾಗಿ ಕೇಳಲಾಗುತ್ತಿದೆ.

ಇದಕ್ಕೆ ಹೋಲಿಸಿದರೆ ಕೇಂದ್ರದ ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿ ರೂಪಿಸಿದ ‘ಟೇರ್’ ಯೋಜನೆಯ ಲೆಕ್ಕಾಚಾರ ಹೆಚ್ಚು ತಿಳಿವಳಿಕೆಯದು. ರಾಜ್ಯ ವಿಶ್ವವಿದ್ಯಾಲಯ ಅಥವಾ ಕಾಲೇಜಿನಲ್ಲಿ ಕಾಯಂ ಕೆಲಸದಲ್ಲಿರುವವರು ತಮ್ಮ ಪಾಠ ಬಿಡದೆ, ಐಐಟಿ, ಐಐಎಸ್‌ಸಿ ಅಥವಾ ರಾಷ್ಟ್ರೀಯ ಪ್ರಯೋಗಾಲಯವೊಂದರ ವಿಜ್ಞಾನಿಯ ಜೊತೆ ಮೂರು ವರ್ಷ ಅರೆಕಾಲಿಕವಾಗಿ ದುಡಿಯಬಹುದು. ವರ್ಷಕ್ಕೆ 5 ಲಕ್ಷ ರೂಪಾಯಿ ಸಂಶೋಧನಾ ಅನುದಾನ. ಅದು ಎರಡೂ ಸಂಸ್ಥೆಗಳ ನಡುವೆ ಹಂಚಿಕೆಯಾಗುತ್ತದೆ, ಅಂದರೆ ಒಂದಿಷ್ಟು ಉಪಕರಣ ಕಾಲೇಜಿನಲ್ಲೇ ಉಳಿಯುತ್ತದೆ. ಬೆಂಗಳೂರು, ಮೈಸೂರಿನ ಸುತ್ತಲಿನವರಿಗೆ ಇದು ವರ. ಆದರೆ ಯಾದಗಿರಿಯ ರಸಾಯನಶಾಸ್ತ್ರ ಅಧ್ಯಾಪಕರಿಗೆ ಅಂಥ ಸಂಸ್ಥೆ ಎಷ್ಟು ದೂರ ಎಂಬ ಪ್ರಶ್ನೆ ಉಳಿದೇ ಇದೆ.

ನೆರವು ಹೀಗೆ ತೆಳ್ಳಗಿದ್ದಾಗಲೇ ಒತ್ತಡ ಮಾತ್ರ ಭಾರವಾಗುತ್ತ ಹೋಯಿತು. 2010ರ ಯುಜಿಸಿ ನಿಯಮಗಳು ತಂದ ‘ಎಪಿಐ’ ಅಂಕಪದ್ಧತಿಯಲ್ಲಿ ಬಡ್ತಿಗೆ ಪ್ರಬಂಧಕ್ಕಿಷ್ಟು, ವಿಚಾರಸಂಕಿರಣಕ್ಕಿಷ್ಟು ಎಂದು ಲೆಕ್ಕ. ವಿಶ್ವವಿದ್ಯಾಲಯಕ್ಕೂ ಪದವಿ ಕಾಲೇಜಿಗೂ ತಕ್ಕಡಿ ಹೆಚ್ಚುಕಡಿಮೆ ಒಂದೇ. ಪ್ರಯೋಗಾಲಯ, ಗ್ರಂಥಾಲಯ, ಬಿಡುವು ಕೊಡದೆ ಪ್ರಬಂಧ ಮಾತ್ರ ಕೇಳಿದರೆ ಪ್ರಬಂಧ ಹೇಗೋ ಬಂದೇ ಬರುತ್ತದೆ. ದುಡ್ಡು ಕಟ್ಟಿದರೆ ವಾರದೊಳಗೆ ಅಚ್ಚು ಹಾಕುವ ‘ಅಂತರರಾಷ್ಟ್ರೀಯ’ ಪತ್ರಿಕೆಗಳು ಅಣಬೆಗಳಂತೆ ಎದ್ದವು. ಪುಣೆಯ ಭೂಷಣ್ ಪಟವರ್ಧನ್ ಮತ್ತು ಸಂಗಡಿಗರು ವಿಶ್ವವಿದ್ಯಾಲಯಗಳು ಶಿಫಾರಸು ಮಾಡಿ ಯುಜಿಸಿಯ ಮಾನ್ಯ ಪತ್ರಿಕೆಗಳ ಪಟ್ಟಿ ಸೇರಿದ್ದ 1,009 ಪತ್ರಿಕೆಗಳನ್ನು ಪರಿಶೀಲಿಸಿ 2018ರಲ್ಲಿ ‘ಕರೆಂಟ್ ಸೈನ್ಸ್’ನಲ್ಲಿ ಬರೆದರು, ಅವುಗಳಲ್ಲಿ ಶೇ 88ರಷ್ಟು ಕಳಪೆ ಗುಣಮಟ್ಟದವಾಗಿರಬಹುದು ಎಂಬುದು ಅವರು ಕಂಡುಕೊಂಡ ಸಂಗತಿ. ಅದೇ ವರ್ಷದ ಮೇ ತಿಂಗಳಲ್ಲಿ ಯುಜಿಸಿ 4,305 ಪತ್ರಿಕೆಗಳನ್ನು ಪಟ್ಟಿಯಿಂದ ಕಿತ್ತುಹಾಕಿತು. ಆಮೇಲೆ ಬಂದ ‘ಕೇರ್’ ಪಟ್ಟಿಯನ್ನೂ 2025ರ ಫೆಬ್ರವರಿಯಲ್ಲಿ ಕೈಬಿಟ್ಟಿತು. ಇಷ್ಟರ ನಡುವೆ ತಮ್ಮ ಸಂಬಳದಿಂದ ಹಣ ತೆತ್ತು, ಯಾರೂ ಓದದ ಪ್ರಬಂಧ ಅಚ್ಚು ಹಾಕಿಸಿದ ಅಧ್ಯಾಪಕರ ಮೇಲೆ ಮಾತ್ರ ಬೆರಳು ತೋರಿಸುವುದು ಸರಿಯಲ್ಲ. ಆ ಸಂತೆಯನ್ನು ಕಟ್ಟಿದ್ದು ಅಂಕಪದ್ಧತಿ.

2018ರ ನಿಯಮಗಳು ಕಾಲೇಜಿನವರ ಮಟ್ಟಿಗೆ ಈ ಹಿಡಿತವನ್ನು ಸಡಿಲ ಮಾಡಿದವು. ಕೆಳಗಿನ ಹಂತಗಳ ಬಡ್ತಿಗೆ ಪಾಠವೇ ಮುಖ್ಯವಾಯಿತು. ಕಾಲೇಜಿನಲ್ಲಿ ಪ್ರೊಫೆಸರ್ ಹುದ್ದೆಗೆ ಏರಬೇಕಾದರೆ ಈಗಲೂ ಕನಿಷ್ಠ 10 ಪ್ರಬಂಧ ಬೇಕು. ಒಳ್ಳೆಯ ತಿದ್ದುಪಡಿಯೇ. ಆದರೆ ಕಡ್ಡಾಯ ತೆಗೆದದ್ದರಿಂದ ಉಳಿದದ್ದು ಖಾಲಿ ಜಾಗ, ಅಲ್ಲಿ ಬೆಂಬಲ ಬಂದು ಕೂರಲಿಲ್ಲ. ಮಾಡಲೇಬೇಕಿಲ್ಲ ಎಂದರೆ, ಮಾಡುವವರಿಗೆ ಏನೂ ಕೊಡಬೇಕಿಲ್ಲ ಎಂದು ಕೆಲವು ಆಡಳಿತ ಮಂಡಳಿಗಳು ಅರ್ಥ ಮಾಡಿಕೊಂಡವು. ನ್ಯಾಕ್ ಬಂದಾಗ ಮಾತ್ರ ಎಲ್ಲರಿಗೂ ಸಂಶೋಧನೆ ನೆನಪಾಗುತ್ತದೆ.

ಹಣ, ಸಮಯ ಎರಡೂ ಇದ್ದು ಒಂಟಿಯಾಗಿದ್ದರೆ ಕೆಲಸ ಸಾಗುವುದಿಲ್ಲ. ತಾಲ್ಲೂಕು ಕಾಲೇಜಿನಲ್ಲಿ ಒಂದು ವಿಷಯಕ್ಕೆ ಇರುವುದು ಒಬ್ಬರೋ ಇಬ್ಬರೋ. ಬರೆದದ್ದನ್ನು ಓದಿ ‘ಇಲ್ಲಿ ತಪ್ಪಿದೆ’ ಎನ್ನುವವರೇ ಇಲ್ಲದಿರುವುದು ದೊಡ್ಡ ಕೊರತೆ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಇನ್ನೆರಡು ಅಕಾಡೆಮಿಗಳ ಜೊತೆ ಸೇರಿ ನಡೆಸುತ್ತ ಬಂದ ಬೇಸಿಗೆ ಸಂಶೋಧನಾ ಫೆಲೋಷಿಪ್ ಇದಕ್ಕೆ ಒಂದು ಮದ್ದು. ಅದರಲ್ಲಿ ವಿದ್ಯಾರ್ಥಿಗಳ ಜೊತೆಗೆ ಕಾಲೇಜು ಅಧ್ಯಾಪಕರಿಗೂ ಅವಕಾಶ ಇದೆ. ಎರಡು ತಿಂಗಳು ಒಬ್ಬ ವಿಜ್ಞಾನಿಯ ಪ್ರಯೋಗಾಲಯದಲ್ಲಿ ಕೆಲಸ ಮಾಡಿ ಬಂದವರಿಗೆ ಆಮೇಲೂ ಫೋನ್ ಮಾಡಿ ಕೇಳಲು ಒಬ್ಬರು ಇರುತ್ತಾರೆ. ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಎಚ್. ನರಸಿಂಹಯ್ಯನವರು 1962ರಲ್ಲಿ ಕಟ್ಟಿದ ಬೆಂಗಳೂರು ಸೈನ್ಸ್ ಫೋರಂ ಮಾಡಿದ್ದೂ ಇಂಥದೇ ಕೆಲಸ. ಅಮೆರಿಕದ ಓಹಿಯೋದಲ್ಲಿ ಭೌತಶಾಸ್ತ್ರದ ಪಿಎಚ್‌ಡಿ ಮುಗಿಸಿ ಬಂದು ಅದೇ ಕಾಲೇಜಿನಲ್ಲಿ ಉಳಿದ ಅವರು, ಊರಿನ ದೊಡ್ಡ ವಿಜ್ಞಾನಿಗಳನ್ನು ಕಾಲೇಜಿನ ಸಭಾಂಗಣಕ್ಕೇ ಕರೆತಂದರು.

ಒಬ್ಬ ಅಧ್ಯಾಪಕ ತನ್ನ ವಿಷಯದ ಹೊಸ ಗಾಳಿಯನ್ನು ಉಸಿರಾಡುತ್ತಿದ್ದರೆ ತರಗತಿಗೆ ಏನಾಗುತ್ತದೆ ಎಂಬುದಕ್ಕೆ ಮದ್ರಾಸಿನ ಲೊಯೋಲಾ ಕಾಲೇಜಿನ ಚಾರ್ಲ್ಸ್ ರಾಸಿನ್ ಅವರಿಗಿಂತ ಒಳ್ಳೆಯ ಸಾಕ್ಷಿ ಬೇಡ. ಪ್ಯಾರಿಸ್ಸಿನಲ್ಲಿ ಗಣಿತ ಕಲಿತು 1937ರಲ್ಲಿ ಭಾರತಕ್ಕೆ ಬಂದ ಈ ಫ್ರೆಂಚ್ ಪಾದ್ರಿಗೆ ಅಲ್ಲಿಯ ಗಣಿತಜ್ಞರ ಸಂಪರ್ಕ ತಪ್ಪಲಿಲ್ಲ. ಪಠ್ಯದಲ್ಲಿ ಇಲ್ಲದ ಆಧುನಿಕ ಗಣಿತದ ಪುಸ್ತಕಗಳನ್ನು ವಿದ್ಯಾರ್ಥಿಗಳ ಕೈಗೆ ಕೊಟ್ಟರು, ಚುರುಕಾದವರನ್ನು ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಕಳಿಸಿದರು. ಎಂ.ಎಸ್. ನರಸಿಂಹನ್ ಮತ್ತು ಸಿ.ಎಸ್. ಶೇಷಾದ್ರಿ ಅವರ ಶಿಷ್ಯರು. ಇಬ್ಬರೂ ಸೇರಿ 1965ರಲ್ಲಿ ಪ್ರಕಟಿಸಿದ ಪ್ರಮೇಯ ಜಗತ್ತಿನ ಗಣಿತದಲ್ಲಿ ಅವರ ಹೆಸರಿನಿಂದಲೇ ಪ್ರಸಿದ್ಧ.

ಹಾಗಾದರೆ ಕಾಲೇಜಿನಲ್ಲಿ ಸಂಶೋಧನೆ ಎಂದು ಯಾವುದನ್ನು ಎಣಿಸಬೇಕು? ಅಮೆರಿಕದ ಅರ್ನೆಸ್ಟ್ ಬೋಯರ್ 1990ರಲ್ಲಿ ಈ ಪ್ರಶ್ನೆಯನ್ನೇ ಎತ್ತಿ, ವಿದ್ವತ್ತಿಗೆ ನಾಲ್ಕು ಮುಖಗಳಿವೆ ಎಂದರು: ಹೊಸದನ್ನು ಕಂಡುಹಿಡಿಯುವುದು, ಬೇರೆ ಬೇರೆ ಶಾಸ್ತ್ರಗಳ ತಿಳಿವನ್ನು ಬೆಸೆಯುವುದು, ತಿಳಿದದ್ದನ್ನು ಜನರ ಬದುಕಿಗೆ ಅನ್ವಯಿಸುವುದು, ಕಲಿಸುವ ಬಗೆಯನ್ನೇ ಅಧ್ಯಯನ ಮಾಡುವುದು. ಇಂಗ್ಲೆಂಡಿನಲ್ಲಿ ಪದವಿ ತರಗತಿಗಳನ್ನು ನಡೆಸುವ ವೃತ್ತಿಶಿಕ್ಷಣ ಕಾಲೇಜುಗಳು ತಮ್ಮ ಅಧ್ಯಾಪಕರಿಗೆ ಬೆಂಬಲ ಕೊಡುವಾಗ ಈ ವಿಶಾಲ ಅರ್ಥವನ್ನೇ ಹಿಡಿದವು. ನಮಗೂ ಇದು ಒಗ್ಗುವ ನೋಟ. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ಪ್ರಥಮ ಬಿ.ಎಸ್ಸಿಯಲ್ಲಿ ಎಲ್ಲಿ ಎಡವುತ್ತಾರೆ, ಯಾವ ಪರಿಕಲ್ಪನೆಯನ್ನು ಕನ್ನಡದಲ್ಲಿ ಹೇಳಿದರೆ ದಾಟುತ್ತಾರೆ ಎಂಬುದನ್ನು ವರ್ಷಾನುವರ್ಷ ಗಮನಿಸಿ ದಾಖಲಿಸಿದರೆ ಅದು ಪಕ್ಕಾ ಸಂಶೋಧನೆ. ಅದನ್ನು ಮಾಡಬಲ್ಲವರು ಆ ತರಗತಿಯಲ್ಲಿ ನಿಂತವರು ಮಾತ್ರ.

ಗ್ರಂಥಾಲಯದ ಬಾಗಿಲು ಈಚೆಗೆ ಸ್ವಲ್ಪ ತೆರೆದಿದೆ. ಕಾಲೇಜುಗಳಿಗೆಂದೇ ಇರುವ ‘ಎನ್-ಲಿಸ್ಟ್’ ಸಣ್ಣ ಶುಲ್ಕಕ್ಕೆ ಸಾವಿರಾರು ಪತ್ರಿಕೆಗಳನ್ನು ತೋರಿಸುತ್ತದೆ. 2025ರ ಜನವರಿಯಿಂದ ‘ಒಂದು ದೇಶ ಒಂದು ಚಂದಾ’ ಯೋಜನೆ ಶುರುವಾಗಿದೆ. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, ಸುಮಾರು 13,000 ಪತ್ರಿಕೆಗಳು. ಮೊದಲ ಹಂತ ಸರ್ಕಾರಿ ಸಂಸ್ಥೆಗಳಿಗೆ. ಸಲ್ಡಾನಾ, ಗುರುರಾಜ ಭಟ್ಟ, ಗೋಪಾಲಕೃಷ್ಣ ಭಟ್ ಇವರೆಲ್ಲ ಬಂದದ್ದು ಖಾಸಗಿ ಆಡಳಿತದ ಕಾಲೇಜುಗಳಿಂದ ಎಂಬುದನ್ನು ನೆನೆದರೆ, ಖಾಸಗಿ ಕಾಲೇಜುಗಳಿಗೂ ಬಾಗಿಲು ತೆರೆಯುವ ಎರಡನೇ ಹಂತ ಬೇಗ ಬರಬೇಕು.

ಇನ್ನೂ ಕಠಿಣವಾದ ಒಂದು ಮಾತಿದೆ. ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಪಾಠದ ದೊಡ್ಡ ಪಾಲನ್ನು ಹೊತ್ತವರು ಅತಿಥಿ ಉಪನ್ಯಾಸಕರು. ಹತ್ತು ಸಾವಿರಕ್ಕೂ ಹೆಚ್ಚು ಮಂದಿ. ಇವರಲ್ಲಿ ನೆಟ್, ಕೆ-ಸೆಟ್ ಮುಗಿಸಿದವರು, ಪಿಎಚ್‌ಡಿ ಪಡೆದವರು ಬೇಕಾದಷ್ಟಿದ್ದಾರೆ. ಮುಂದಿನ ಜೂನ್‌ನಲ್ಲಿ ಇದೇ ಕಾಲೇಜಿನಲ್ಲಿ ಇರುತ್ತೇವೆಯೋ ಇಲ್ಲವೋ ತಿಳಿಯದವರು ಐದು ವರ್ಷದ ಕೆಲಸಕ್ಕೆ ಕೈಹಾಕುವುದು ಹೇಗೆ? ‘ಟೇರ್’ ಕೇಳುವುದು ಕಾಯಂ ಹುದ್ದೆ, ಯುಜಿಸಿ ಅನುದಾನವೂ ಹಾಗೆಯೇ. ಸಂಶೋಧನೆಯ ತರಬೇತಿ ಪಡೆದ ಸಾವಿರಾರು ಯುವಕ ಯುವತಿಯರನ್ನು ಹೀಗೆ ಗಂಟೆ ಲೆಕ್ಕದಲ್ಲಿ ದುಡಿಸಿಕೊಂಡು, ಕಾಲೇಜುಗಳಲ್ಲಿ ಸಂಶೋಧನೆ ಇಲ್ಲ ಎಂದು ಗೊಣಗುವುದು ನ್ಯಾಯವಲ್ಲ.

ಕೂಡಿಟ್ಟದ್ದು ಏನಾಗುತ್ತದೆ ಎಂಬ ಪ್ರಶ್ನೆಯನ್ನು ಯಾರೂ ಅಷ್ಟಾಗಿ ಕೇಳುವುದಿಲ್ಲ. ಸಲ್ಡಾನಾ 2002ರಲ್ಲಿ ತೀರಿಕೊಂಡರು. ಅವರು ಕಟ್ಟಿದ ಸಸ್ಯಸಂಗ್ರಹ ಈಗ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದಲ್ಲಿದೆ; ಸಸ್ಯಸಂಗ್ರಹಗಳ ಲೋಕದಲ್ಲಿ ಅದರ ಗುರುತು ಇಂದಿಗೂ ‘ಜೆಸಿಬಿ’. ಅಲ್ಲಿ ಅದು ಸುರಕ್ಷಿತವಾಗಿದೆ, ಬಳಕೆಯಲ್ಲೂ ಇದೆ. ಎಲ್ಲ ಸಂಗ್ರಹಗಳಿಗೂ ಈ ಅದೃಷ್ಟ ಇರುವುದಿಲ್ಲ. ಅಧ್ಯಾಪಕರು ನಿವೃತ್ತರಾದ ಮೇಲೆ ಧ್ವನಿಮುದ್ರಿಕೆಗಳು, ಫೋಟೋಗಳು, ಜಾನಪದದ ನೋಟುಬುಕ್ಕುಗಳು ಮನೆಯ ಅಟ್ಟಕ್ಕೋ ಕಾಲೇಜಿನ ಸ್ಟೋರ್ ರೂಮಿಗೋ ಹೋಗಿ ಗೆದ್ದಲಿನ ಪಾಲಾಗುತ್ತವೆ. ಹತ್ತು ಕಾಲೇಜುಗಳಿಗೆ ಒಂದರಂತೆ ಒಂದು ಸಂಗ್ರಹಾಲಯ, ಅದಕ್ಕೊಬ್ಬ ಕಾಯಂ ಸಿಬ್ಬಂದಿ, ಒಂದು ಸ್ಕ್ಯಾನರ್ ಇಷ್ಟನ್ನು ಕಾಲೇಜು ಶಿಕ್ಷಣ ಇಲಾಖೆ ಕೊಟ್ಟರೆ, ಆ ಖರ್ಚು ಒಂದು ಹೊಸ ಕಟ್ಟಡದ ಖರ್ಚಿನ ಹತ್ತಿರಕ್ಕೂ ಬರುವುದಿಲ್ಲ.

ಕರ್ನಾಟಕ 2021-22ರಲ್ಲಿ ನಾಲ್ಕು ವರ್ಷದ ಪದವಿಯನ್ನು ಜಾರಿಗೆ ತಂದಾಗ ನಾಲ್ಕನೆಯ ವರ್ಷದಲ್ಲಿ ವಿದ್ಯಾರ್ಥಿಗಳು ಸಂಶೋಧನಾ ಯೋಜನೆ ಕೈಗೊಳ್ಳುವ ಮಾತಿತ್ತು. ಕಾಲೇಜುಗಳು ಅಷ್ಟೊಂದು ಮಾರ್ಗದರ್ಶಕರನ್ನು ಎಲ್ಲಿಂದ ತರುವುದೆಂದು ಚಿಂತಿಸುತ್ತಿರುವಾಗಲೇ, 2024ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಮೂರು ವರ್ಷದ ಪದವಿಗೆ ಮರಳಿತು. ಇದರ ಸರಿತಪ್ಪುಗಳ ಚರ್ಚೆ ಬೇರೆ. ಆದರೆ ಮೂರು ವರ್ಷದ ಪದವಿಯ ಕೊನೆಯ ಸೆಮಿಸ್ಟರಿನಲ್ಲೂ ಅಂತಿಮ ವರ್ಷದ ಹತ್ತು ವಿದ್ಯಾರ್ಥಿಗಳು ತಮ್ಮ ಮೇಷ್ಟ್ರ ಜೊತೆ ಊರಿನ ಕೆರೆಗಳನ್ನು ಅಳೆಯಬಹುದು, ಅಜ್ಜಿಯರ ಹಾಡು ಬರೆದುಕೊಳ್ಳಬಹುದು, ಎಪಿಎಂಸಿಯ ದರಪಟ್ಟಿಗಳನ್ನು ಜೋಡಿಸಬಹುದು. ಅದಕ್ಕೆ ಪಠ್ಯಕ್ರಮ ಸಮಿತಿ ಒಂದು ಪತ್ರಿಕೆಯ ಜಾಗ ಬಿಡಬೇಕು, ವಿಶ್ವವಿದ್ಯಾಲಯ ಆ ಮಾರ್ಗದರ್ಶನದ ಗಂಟೆಗಳನ್ನು ಅಧ್ಯಾಪಕರ ಕಾರ್ಯಭಾರದಲ್ಲಿ ಎಣಿಸಬೇಕು. ಈ ಎರಡೂ ತೀರ್ಮಾನಗಳಿಗೆ ದಿಲ್ಲಿಯ ಅಪ್ಪಣೆ ಬೇಕಿಲ್ಲ.